ಪಾರ್ಕಿನ್ಸನ್ ಇದ್ದವರ ಭುಜ ನೋವಿಗೆ ಎಣ್ಣೆ, ನಸುಗುನ್ನಿ ಪುಡಿ

ನಮಸ್ಕಾರ. ನಿಮ್ಮ ತಂದೆಯವರು ಪಾರ್ಕಿನ್ಸನ್‌ಗೆ ಸಿಂಡೋಪಾ ಮಾತ್ರೆ ತಗೊಳ್ಳುತ್ತಿದ್ದಾರೆ, ಭುಜದ ನೋವಿಗೆ ಎಣ್ಣೆ ಮಸಾಜ್ ಜೊತೆ ನಸುಗುನ್ನಿ ಪುಡಿ ಕೊಡಬಹುದಾ ಅಂತ ಕೇಳಿದ್ದೀರಿ.

ಎಣ್ಣೆ ಧಾರಾಳವಾಗಿ ಹಚ್ಚಿ. ನಮ್ಮ ಅಮ್ಮನಿಗೂ ಇದೇ ಕಾಯಿಲೆ. ಸಂಜೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಕತ್ತಿನಿಂದ ಮೊಣಕೈವರೆಗೆ ಮೆಲ್ಲಗೆ ತಿಕ್ಕುತ್ತೇನೆ. ಎದೆಗೆ ಅಂಟಿಕೊಂಡಂತಿದ್ದ ಕೈ ನಿಧಾನವಾಗಿ ಸಡಿಲವಾಗುತ್ತದೆ. ಸೆರಗು ಸರಿಮಾಡಿಕೊಳ್ಳುವಷ್ಟು ಮೇಲೇಳುತ್ತದೆ. ಅಂಗಾಲಿಗೆ ಎಣ್ಣೆ ತಾಗಿದರೆ ಚೆನ್ನಾಗಿ ಒರೆಸಿ, ಜಾರಿ ಬೀಳುವ ಭಯ ಇದ್ದೇ ಇದೆ ಅಲ್ವಾ.

ಪುಡಿಯನ್ನು ಮಾತ್ರ ಸುಮ್ನೆ ಶುರು ಮಾಡಬೇಡಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಅನ್ನೋ ಪಾರ್ಕಿನ್ಸನ್ ಔಷಧಿಯ ಅಂಶ ಇದೆ. ಸಿಂಡೋಪಾದಲ್ಲಿರುವುದೂ ಅದೇ. ಎರಡೂ ಸೇರಿ ಡೋಸ್ ಜಾಸ್ತಿಯಾದರೆ ವಾಂತಿ, ಬಿಪಿ ಇಳಿಯುವುದು, ಮೈ ತಾನಾಗೇ ತಿರುಚಿಕೊಳ್ಳುವುದು, ಇಲ್ಲದ್ದು ಕಣ್ಣಿಗೆ ಕಾಣುವುದು, ಇವೆಲ್ಲ ಆಗಬಹುದು. ಡಬ್ಬಿಯನ್ನೇ ತಗೊಂಡು ಹೋಗಿ ನ್ಯೂರಾಲಜಿ ಡಾಕ್ಟರಿಗೆ ತೋರಿಸಿ. ಪುಡಿ ನಂಬಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಇನ್ನೊಂದು ಕೆಲಸ ಮಾಡಿ. ನೋವು ಎಷ್ಟು ಗಂಟೆಗೆ ಜಾಸ್ತಿ ಅಂತ ಒಂದು ವಾರ ಬರೆದಿಡಿ. ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ಹೆಚ್ಚಾಗುತ್ತಿದ್ದರೆ, ಔಷಧಿಯ ಬಲ ಇಳಿದು ಮೈ ಬಿಗಿಯುತ್ತಿರಬಹುದು. ಡಾಕ್ಟರ್ ಮಾತ್ರೆಯ ಹೊತ್ತು ಬದಲಿಸಿದರೇ ನೋವು ತಗ್ಗಬಹುದು. ಅಮ್ಮನಿಗೆ ಹಾಗೇ ಆಯಿತು.