ತಂಡದವರನ್ನು ನಂಬಿ ಕೆಲಸ ಒಪ್ಪಿಸೋದು ಹೇಗೆ? ತಪ್ಪಾದರೆ?

ಹೊಸದಾಗಿ ಟೀಮ್ ಲೀಡ್ ಆಗಿದ್ದೀರಿ. ಸರ್ವೆಂಟ್ ಲೀಡರ್‌ಶಿಪ್, ಅಂದರೆ ತಂಡದವರ ಸೇವೆ ಮಾಡುತ್ತಾ ಮುನ್ನಡೆಸುವ ರೀತಿಯ ಬಗ್ಗೆ ಕೇಳಿ ಇಷ್ಟಪಟ್ಟಿದ್ದೀರಿ. ಆದರೆ ಕೆಲಸ ಒಪ್ಪಿಸಿದ ಮೇಲೆ ಸುಮ್ಮನಿರೋಕೆ ಆಗದೆ, ಕೊನೆಗೆ ಎಲ್ಲವನ್ನೂ ನೀವೇ ತಿದ್ದುತ್ತೀರಿ, ಅಲ್ವಾ? ನಾನೂ ಎರಡು ವರ್ಷ ಹೀಗೇ ಇದ್ದೆ.

ನನ್ನ ತಂಡದ ಒಬ್ಬ ಹುಡುಗ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದ. ಪ್ರತಿಯೊಂದನ್ನೂ ನಾನು ಓದಿ, ತಿದ್ದಿ, ಆಮೇಲೆ ಕಳಿಸುತ್ತಿದ್ದೆ. ಇದು ಸಹಾಯ ಅಂತಲೇ ಅಂದುಕೊಂಡಿದ್ದೆ. ಬರುಬರುತ್ತಾ ಅವನ ಬರಹ ಇನ್ನೂ ಕೆಟ್ಟಿತು. ಒಂದು ಉತ್ತರದಲ್ಲಿ ಗ್ರಾಹಕರ ಹೆಸರೇ ಇರಲಿಲ್ಲ. ಕೇಳಿದರೆ, "ಹೇಗೂ ನೀವು ನೋಡ್ತೀರಲ್ಲ ಸರ್" ಅಂದ. ಅವನು ಸೋಮಾರಿ ಅಲ್ಲ. ಯೋಚಿಸುವ ಕೆಲಸವನ್ನು ನಾನೇ ಅವನಿಂದ ಕಿತ್ತುಕೊಂಡಿದ್ದೆ.

ಅಮೆರಿಕ ನೌಕಾಪಡೆಯ ಡೇವಿಡ್ ಮಾರ್ಕೆ ಅವರಿಗೂ ಹೀಗೇ ಆಗಿತ್ತು. 1999ರಲ್ಲಿ ಅವರು 'ಸಾಂಟಾ ಫೆ' ಜಲಾಂತರ್ಗಾಮಿಯ ಕ್ಯಾಪ್ಟನ್ ಆದರು. ಒಮ್ಮೆ ತಾಲೀಮಿನಲ್ಲಿ ವೇಗ ಹೆಚ್ಚಿಸಲು ಹೇಳಿದರು. ಅವರು ಹೇಳಿದ ವೇಗದ ಹಂತ ಆಗ ಜಲಾಂತರ್ಗಾಮಿಯನ್ನು ನಡೆಸುತ್ತಿದ್ದ ಮೋಟರಿನಲ್ಲಿ ಇರಲೇ ಇಲ್ಲ. ಪಕ್ಕದ ಅಧಿಕಾರಿಗೆ ಅದು ಗೊತ್ತಿತ್ತು. ಆದರೂ ಕ್ಯಾಪ್ಟನ್ ಹೇಳಿದರಲ್ಲ ಅಂತ ಆದೇಶವನ್ನು ಹಾಗೇ ಮುಂದೆ ದಾಟಿಸಿದರು! ಆಮೇಲೆ ಮಾರ್ಕೆ ಆದೇಶ ಕೊಡೋದನ್ನೇ ಕಡಿಮೆ ಮಾಡಿದರು. ಅಧಿಕಾರಿಗಳೇ ಬಂದು "ನಾನು ಹೀಗೆ ಮಾಡಬೇಕು ಅಂತಿದ್ದೇನೆ" ಎಂದು ಹೇಳುವ ರೂಢಿ ತಂದರು.

ನಾನು ಅದನ್ನೇ ಹಿಡಿದುಕೊಂಡೆ. "ನಾಳೆಯಿಂದ ನೀನೇ ಕಳಿಸು, ಅನುಮಾನ ಬಂದರೆ ಬಾ" ಅಂದೆ. ಮೊದಲ ದಿನ ಅವನು ಲ್ಯಾಪ್‌ಟಾಪ್ ಹಿಡಿದು ನಾಲ್ಕು ಸಲ ಬಂದ. ನನ್ನ ಕೈ ತಾನಾಗೇ ಮೌಸ್ ಕಡೆ ಹೋಗುತ್ತಿತ್ತು. ಕೈ ಕಟ್ಟಿಕೊಂಡು ಕೂತು, "ನಿನಗೆ ಏನನ್ನಿಸುತ್ತೆ?" ಅಂತಷ್ಟೇ ಕೇಳಿದೆ. ನಾಲ್ಕರಲ್ಲಿ ಮೂರಕ್ಕೆ ಸರಿಯಾದ ಉತ್ತರ ಅವನ ಹತ್ತಿರವೇ ಇತ್ತು.

ಮೂರನೇ ವಾರ ತಪ್ಪಾಯಿತು. ಒಬ್ಬ ಗ್ರಾಹಕರಿಗೆ ತಪ್ಪು ತಾರೀಕು ಹೋಯಿತು. ನಂಬಿಕೆ ನಿಜವಾಗಿ ಪರೀಕ್ಷೆಗೆ ಬರುವುದು ಇಂಥ ಹೊತ್ತಿನಲ್ಲೇ. ಮೇಲಿನವರ ಮುಂದೆ "ನಮ್ಮ ತಂಡದ ತಪ್ಪು, ಸರಿಮಾಡುತ್ತೇವೆ" ಅಂದೆ, ಅವನ ಹೆಸರು ಎತ್ತಲಿಲ್ಲ. ಗ್ರಾಹಕರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದು ಅವನೇ. ಮಾರನೇ ದಿನದ ಉತ್ತರಗಳನ್ನೂ ಅವನೇ ಕಳಿಸಿದ. ಆ ದಿನ ನಾನು ಹಳೇ ಪದ್ಧತಿಗೆ ಮರಳಿದ್ದರೆ ಅವನು ಮತ್ತೆಂದೂ ಬಾಯಿ ಬಿಡುತ್ತಿರಲಿಲ್ಲ.

ಹಾಗಂತ ಕೆಲಸ ಕೊಟ್ಟು ಮಾಯವಾಗಬೇಡಿ. ಅದು ನಂಬಿಕೆಯಲ್ಲ, ಕೈಬಿಡೋದು. ಬೇಕಾದ ಮಾಹಿತಿ ಸಿಕ್ಕಿದೆಯಾ, ಬೇರೆ ವಿಭಾಗದವರು ಅಡ್ಡ ಬರುತ್ತಿದ್ದಾರಾ ಅಂತ ಕೇಳಿ ದಾರಿ ತೆರವು ಮಾಡುವುದೇ ಈಗ ನಿಮ್ಮ ದಿನದ ಕೆಲಸ. ಸರ್ವೆಂಟ್ ಲೀಡರ್‌ಶಿಪ್ ಎಂಬ ಮಾತನ್ನು 1970ರಲ್ಲಿ ಬಳಕೆಗೆ ತಂದ ರಾಬರ್ಟ್ ಗ್ರೀನ್‌ಲೀಫ್ ಇಟ್ಟ ಒರೆಗಲ್ಲೂ ಇಂಥದ್ದೇ: ನೀವು ಯಾರ ಸೇವೆ ಮಾಡುತ್ತೀರೋ ಅವರು ಬೆಳೆಯುತ್ತಿದ್ದಾರಾ? ಇನ್ನಷ್ಟು ಸ್ವತಂತ್ರರಾಗುತ್ತಿದ್ದಾರಾ?

ತಪ್ಪಾದರೂ ಸರಿಪಡಿಸಬಹುದಾದ ಒಂದು ಕೆಲಸದಿಂದ ಶುರು ಮಾಡಿ. ಯಾವ ವಿಷಯಕ್ಕೆ ನಿಮ್ಮನ್ನು ಕೇಳಲೇಬೇಕು ಅಂತ ಮೊದಲೇ ಹೇಳಿಬಿಡಿ. ಉಳಿದದ್ದನ್ನೆಲ್ಲ ಅವರೇ ತೀರ್ಮಾನಿಸಲಿ.