ಫ್ಲ್ಯಾಗ್‌ಸ್ಟಾಫ್ ಕಾಡಿಗೆ 30 ಅಡಿ ಆರ್‌ವಿ

ಜುಲೈನಲ್ಲಿ 30 ಅಡಿ ಆರ್‌ವಿ (ಒಳಗೇ ಮಲಗಿ ಉಳಿಯಬಹುದಾದ ಮನೆಯಂಥ ಗಾಡಿ) ತಗೊಂಡು ಅಮೆರಿಕದ ಅರಿಜೋನಾದಲ್ಲಿ, ಫ್ಲ್ಯಾಗ್‌ಸ್ಟಾಫ್ ಊರಿನ ಸುತ್ತ ಇರುವ ಕೊಕೊನಿನೊ ನ್ಯಾಷನಲ್ ಫಾರೆಸ್ಟ್‌ನಲ್ಲಿ ಪುಕ್ಕಟೆ ಉಳಿಯಬಹುದಾ, ಹಂಫ್ರೀಸ್ ಪೀಕ್ ಹತ್ತಬಹುದಾ ಅಂತ ಕೇಳಿದ್ದೀರಿ. ಎರಡೂ ಆಗುತ್ತದೆ. ಅನುಮತಿ ಇರುವ ಜಾಗಗಳಲ್ಲಿ 14 ದಿನದವರೆಗೆ ಇರಬಹುದು. ಆದರೆ ನಲ್ಲಿ, ಕರೆಂಟು, ಕಸದ ಡಬ್ಬ ಏನೂ ಇರುವುದಿಲ್ಲ. ನೀರಿನ ಟ್ಯಾಂಕ್ ಊರಲ್ಲೇ ತುಂಬಿಸಿಕೊಳ್ಳಿ.

ಮಣ್ಣಿನ ರಸ್ತೆಗೆ ಗಾಡಿ ಇಳಿಸುವ ಮುಂಚೆ ನಡೆದು ಹೋಗಿ ನೋಡಿ. ನಾನು ಸುಮ್ನೆ ನುಗ್ಗಿ, ತಿರುಗಿಸಲು ಜಾಗ ಸಿಗದೆ ಕತ್ತಲಲ್ಲಿ ಅರ್ಧ ಮೈಲಿ ರಿವರ್ಸ್ ಬಂದಿದ್ದೇನೆ, ಹಿಂದೆ ಹೆಂಡತಿ ಟಾರ್ಚ್ ಹಿಡಿದು ಬೈಯುತ್ತಾ!

ಹಂಫ್ರೀಸ್ 12,633 ಅಡಿ, ಅರಿಜೋನಾದಲ್ಲೇ ಎತ್ತರ. ಮೊದಲ ದಿನವೇ ಹತ್ತಬೇಡಿ, ಉಸಿರು ಕಟ್ಟುತ್ತದೆ. ಜುಲೈ ಅಂದ್ರೆ ಅಲ್ಲಿ ಮಳೆಗಾಲ, ಮಧ್ಯಾಹ್ನ ಸಿಡಿಲು ಜಾಸ್ತಿ. ತುದಿಯಲ್ಲಿ ಒಂದು ಮರವೂ ಇಲ್ಲ. ಬೆಳಗ್ಗೆ 5ಕ್ಕೇ ಹೊರಡಿ, 11ರೊಳಗೆ ಇಳಿಯಲು ಶುರು ಮಾಡಿ. ಕಟ್ಟಿಗೆ ಬೆಂಕಿ ಹಾಕುವ ಆಸೆ ಇದ್ದರೆ, ಬೆಂಕಿ ನಿಷೇಧ ಇದೆಯಾ ಅಂತ ರೇಂಜರ್ ಕಚೇರಿಯಲ್ಲಿ ಕೇಳಿಕೊಳ್ಳಿ.