ಮೈಸೂರಿನ ತಾರಸಿಯಿಂದ ಅರೋರಾ ಕಾಣುತ್ತಾ?

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಹತ್ತನೇ ಕ್ಲಾಸು. ಮೊಬೈಲಿನಲ್ಲಿ ಅರೋರಾ (ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಆ್ಯಪ್ ಹಾಕಿಕೊಂಡಿದ್ದಾಳೆ. ಅದರಲ್ಲಿ ಕಾಂತ ಬಿರುಗಾಳಿಯ ಜೋರು ತೋರಿಸುವ ಅಂಕಿ ಕೆಪಿ 7, ಕೆಪಿ 8 ಅಂತ ಬಂದರೆ ಸಾಕು, ರಾತ್ರಿ ಎರಡು ಗಂಟೆಗೆ ನನ್ನನ್ನೂ ಎಬ್ಬಿಸಿ ತಾರಸಿಗೆ ಕರೆದುಕೊಂಡು ಹೋಗುತ್ತಾಳೆ. ಹೋದ ಸಲ ಉತ್ತರ ದಿಕ್ಕಿನಲ್ಲಿ ಕೆಂಪಗೆ ಕಂಡಿತು. ಮೊಬೈಲ್ ಫೋಟೋದಲ್ಲಂತೂ ಇನ್ನೂ ಕೆಂಪು. ಲಡಾಖ್‌ನವರಿಗೆ ಕಂಡಿದ್ದು ನಮಗ್ಯಾಕೆ ಕಾಣಬಾರದು ಅಂತ ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ವಿಜಯನಗರ, ಮೈಸೂರು

ಉತ್ತರ: ತಾಯಿ, ಮೊದಲು ಅವಳಿಗೆ ನನ್ನ ಶಾಭಾಸ್ ಹೇಳಿ. ನಡುರಾತ್ರಿ ಎದ್ದು ಆಕಾಶ ನೋಡುವ ಮಕ್ಕಳು ಎಷ್ಟು ಜನ ಇದ್ದಾರೆ? ಆದರೆ ಅವಳು ಕಂಡ ಕೆಂಪು ಅರೋರಾ ಅಲ್ಲ. ಇದನ್ನು ಅವಳೇ ಲೆಕ್ಕ ಹಾಕಿ ತಿಳಿದುಕೊಳ್ಳಬಹುದು. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು.

ಅರೋರಾದ ಹಸಿರು ಬೆಳಕು ನೆಲದಿಂದ ನೂರು ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಕೆಂಪು ಇನ್ನೂ ಮೇಲೆ, 200ರಿಂದ 400 ಕಿ.ಮೀ. ಎತ್ತರದಲ್ಲಿ. ಎರಡೂ ಆಮ್ಲಜನಕದ್ದೇ ಬೆಳಕು. ಎತ್ತರದಲ್ಲಿರುವುದರಿಂದ ಕೆಂಪೇ ದೂರದವರಿಗೆ ಕಾಣುವುದು. ಈಗ ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಟುಕೊಳ್ಳಲಿ. 400 ಕಿ.ಮೀ. ಎತ್ತರದ ದೀಪ ನಮ್ಮ ದಿಗಂತವನ್ನು ಮುಟ್ಟಿದಂತೆ ಕಾಣಬೇಕಾದರೆ, ನಡುವಿನ ಕೋನದ ಕೊಸೈನ್ 6,371 ಭಾಗಿಸು 6,771. ಕೋನ ಸುಮಾರು 20 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111 ಕಿ.ಮೀ. ಅಂದರೆ ನೆಲದ ಮೇಲೆ ಸುಮಾರು 2,200 ಕಿ.ಮೀ. ಅದಕ್ಕಿಂತ ಆಚೆ ಇದ್ದರೆ ಭೂಮಿಯ ಬೆನ್ನೇ ಅಡ್ಡ.

ಲಡಾಖ್‌ನ ಹಾನ್ಲೆ ನಮ್ಮ ಮೈಸೂರಿಂದ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ದೂರ. ಹಾನ್ಲೆಯವರ ನೆತ್ತಿಯ ಮೇಲೆ ಬೆಳಕು ಉರಿದರೂ ನಮಗೆ ಸಿಗುವುದಿಲ್ಲ. 2024ರ ಮೇ 11ರ ಬೆಳಗಿನ ಜಾವ ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದ ಕೆಂಪು ಬೆಳಕಾದರೂ ಅವರ ನೆತ್ತಿಯ ಮೇಲಿರಲಿಲ್ಲ. ಅವರಿಗೂ ಅದು ಉತ್ತರದ ಕಡೆ, ಕೆಳಗೇ ಕಂಡಿದ್ದು. ಆ ದೀಪ ಇನ್ನೂ ಎಷ್ಟೋ ಉತ್ತರಕ್ಕಿತ್ತು. ಆವತ್ತು ಕೆಪಿ 9 ಮುಟ್ಟಿತ್ತು. ಅದಕ್ಕಿಂತ ಮೇಲೆ ಆ ಅಳತೆಯಲ್ಲಿ ಅಂಕಿಯೇ ಇಲ್ಲ.

ಹಾಗಾದರೆ ನಿಮಗೆ ಕಂಡಿದ್ದೇನು? ವಿಜಯನಗರದ ತಾರಸಿಯಿಂದ ಉತ್ತರ ಅಂದರೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ. ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಹಾಕಿದ್ದರೆ ಮೋಡದ ತಳ ಕೆಂಪಾಗುತ್ತದೆ. ಹೆದ್ದಾರಿಯ ದೀಪ, ಕಾರ್ಖಾನೆಯ ದೀಪವೂ ಹಾಗೇ. ನೈಟ್ ಮೋಡ್‌ನಲ್ಲಿ ಮೊಬೈಲ್ ಹಲವು ಸೆಕೆಂಡು ಬೆಳಕು ಕೂಡಿಸಿ ಬಣ್ಣ ಏರಿಸುತ್ತದೆ, ಅದಕ್ಕೇ ಫೋಟೋ ಇನ್ನೂ ಕೆಂಪು. ಅರೋರಾ ಇಲ್ಲದ ರಾತ್ರಿಯಲ್ಲೂ ಅದೇ ಜಾಗದಿಂದ ಒಂದು ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಲಿ.

ದೂರ ಒಂದೇ ಅಲ್ಲ, ಇನ್ನೊಂದು ಕಾರಣವೂ ಇದೆ. ಮಂಡ್ಯ ಜಿಲ್ಲೆಯಲ್ಲಿ ಪಾಠ ಮಾಡುತ್ತಿದ್ದಾಗ ಲ್ಯಾಬಿನಲ್ಲಿ ಒಂದು ಡಿಪ್ ಸರ್ಕಲ್ ಇತ್ತು. ಅದರ ಕಾಂತದ ಮುಳ್ಳು ಮೇಲೆ ಕೆಳಗೆ ತಿರುಗುತ್ತದೆ. ಹುಡುಗರು ಪ್ರತಿ ವರ್ಷ 'ಸರ್, ಇದು ಕೆಟ್ಟಿದೆ' ಅನ್ನುತ್ತಿದ್ದರು. ಮುಳ್ಳು ಹೆಚ್ಚುಕಡಿಮೆ ಮಲಗಿಯೇ ಇರುತ್ತಿತ್ತು. ಕೆಟ್ಟಿರಲಿಲ್ಲ. ಭೂಮಿಯ ಕಾಂತ ಸಮಭಾಜಕ ರೇಖೆ ಕನ್ಯಾಕುಮಾರಿಯ ಹತ್ತಿರವೇ ಹಾದುಹೋಗುತ್ತದೆ. ಕಾಂತರೇಖೆಗಳು ಧ್ರುವದ ಕಡೆ ತೆಂಗಿನ ಮರದ ಹಾಗೆ ನೆಟ್ಟಗೆ ನಿಂತಿವೆ. ನಮ್ಮಲ್ಲಿ ಬಿದ್ದ ಮರದ ಹಾಗೆ ನೆಲದುದ್ದಕ್ಕೂ ಮಲಗಿವೆ. ಅರೋರಾ ಹೊತ್ತಿಸುವ ಕಣಗಳು ಆ ರೇಖೆಗಳನ್ನು ಹಿಡಿದೇ ಇಳಿಯಬೇಕು. ಮೈಸೂರಿನ ನೆತ್ತಿಯ ಮೇಲೆ ಅವಕ್ಕೆ ಇಳಿಯಲು ದಾರಿಯೇ ಇಲ್ಲ.

ನಮ್ಮ ದೇಶದ ತೀರಾ ದಕ್ಷಿಣದ ಕಥೆ ಬೇಕೆಂದರೆ 1872ರ ಫೆಬ್ರವರಿ 4ರದು. ಆ ರಾತ್ರಿ ಬೊಂಬಾಯಿಯಲ್ಲಿ ಅರೋರಾ ಕಂಡಿತು ಅಂತ ಅಲ್ಲಿನ ಪತ್ರಿಕೆಯಲ್ಲೇ ವರದಿಯಾಗಿತ್ತು. ಮೈಸೂರು ಅಲ್ಲಿಂದ ಇನ್ನೂ ಸುಮಾರು 750 ಕಿ.ಮೀ. ದಕ್ಷಿಣಕ್ಕಿದೆ.

ಹಾಗಂತ ಕಾಂತ ಬಿರುಗಾಳಿ, ಅಂದರೆ ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತವನ್ನು ಅಲ್ಲಾಡಿಸುವುದು, ನಮ್ಮ ಊರಿಗೆ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ನನಗೆ ಮುಖ್ಯ ಅನ್ನಿಸುವುದು ಇದೇ. ಬಿರುಗಾಳಿಯ ಹೊತ್ತಿನಲ್ಲಿ ಭೂಮಿಯ ಸುತ್ತ, ಸಮಭಾಜಕದ ಮೇಲೆ, ದೊಡ್ಡ ವಿದ್ಯುತ್ ಉಂಗುರ ಕಟ್ಟಿಕೊಳ್ಳುತ್ತದೆ. ಅದು ನೆಲದ ಮಟ್ಟದ ಕಾಂತಬಲವನ್ನು ಕುಗ್ಗಿಸುತ್ತದೆ. 2024ರ ಮೇನಲ್ಲಿ 400 ನ್ಯಾನೋಟೆಸ್ಲಾದಷ್ಟು (ಕಾಂತಬಲದ ಅಳತೆ) ಕುಗ್ಗಿತು. ನಮ್ಮಲ್ಲಿರುವ ಒಟ್ಟು ಬಲ ಸುಮಾರು 40,000. ಅಂದರೆ ನೂರಕ್ಕೆ ಒಂದು ಪಾಲು. ಇತಿಹಾಸದಲ್ಲೇ ಹೆಸರಾದ 1859ರ ಸೆಪ್ಟೆಂಬರ್ ಬಿರುಗಾಳಿಯ ಅಳತೆ ಸಿಕ್ಕಿದ್ದು ಬೊಂಬಾಯಿಯ ಕೊಲಾಬಾ ವೀಕ್ಷಣಾಲಯದಲ್ಲಿ. ಅಲ್ಲಿ ಕಾಂತಬಲ ಅಳೆಯುವ ಮುಳ್ಳನ್ನು ಕಣ್ಣಲ್ಲಿ ನೋಡಿ ನೋಡಿ ಬರೆದುಕೊಂಡ ಅಂಕಿ ಪ್ರಕಾರ ಸುಮಾರು 1,600 ನ್ಯಾನೋಟೆಸ್ಲಾ ಇಳಿತ. ಇವತ್ತಿಗೂ ವಿಜ್ಞಾನಿಗಳು ಆ ಕಾಗದ ಬಿಚ್ಚಿ ಓದುತ್ತಾರೆ. ಮುಂದೆ ನಗರಕ್ಕೆ ವಿದ್ಯುತ್ ಟ್ರಾಂ ಬರುವುದೆಂದಾಗ ಮುಳ್ಳಿಗೆ ತೊಂದರೆ ಆಗಬಾರದು ಅಂತ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು. ಅಷ್ಟು ಜೋಪಾನ!

ಇನ್ನು ಮಗಳಿಗೆ ನಿಜವಾಗಿ ಏನು ತೋರಿಸಬಹುದು? ರಾತ್ರಿ ಅಲ್ಲ, ಹಗಲು. 2024ರ ಮೇ 10, ಬಸವ ಜಯಂತಿಯ ದಿನ. ಬಿರುಗಾಳಿ ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ ದಾಟಿದ ಮೇಲೆ ಶುರುವಾಯಿತು. ಅದಕ್ಕೆ ಕಾರಣವಾದ ಸೌರಕಲೆಗಳ (ಸೂರ್ಯನ ಮೇಲಿನ ಕಪ್ಪು ಮಚ್ಚೆಗಳ) ಗುಂಪು ಅವತ್ತು ಬೆಳಿಗ್ಗೆಯೇ ಸೂರ್ಯನ ಮೇಲೆ ಇತ್ತು. ಭೂಮಿಗಿಂತ ಸುಮಾರು 15 ಪಟ್ಟು ಅಗಲ. ನಾನು ಅಂಗೈಯಗಲದ ಕನ್ನಡಿಗೆ ರಟ್ಟು ಅಂಟಿಸಿ, ನಡುವೆ ಬಟಾಣಿ ಕಾಳಿನಷ್ಟು ತೂತು ಬಿಟ್ಟು, ನಮ್ಮ ಕಾಂಪೌಂಡ್ ಮೇಲೆ ಮಣ್ಣಿನ ಮುದ್ದೆಯಲ್ಲಿ ನಿಲ್ಲಿಸಿದೆ. ಬಿಸಿಲನ್ನು ಎದುರು ಮನೆಯ ಕಾರ್ ಶೆಡ್ಡಿನ ಕತ್ತಲೆ ಗೋಡೆಗೆ ತಿರುಗಿಸಿದೆ. ದೂರ 20 ಮೀಟರ್ ಹತ್ತಿರ. ಗೋಡೆಯ ಮೇಲೆ ಊಟದ ತಟ್ಟೆಗಿಂತ ತುಸು ಚಿಕ್ಕ ಸೂರ್ಯ ಬಂದ. ನಿಧಾನಕ್ಕೆ ಪಕ್ಕಕ್ಕೆ ಜಾರುತ್ತಿದ್ದ, ನಿಮಿಷಕ್ಕೊಮ್ಮೆ ಕನ್ನಡಿ ಸರಿಮಾಡಬೇಕಿತ್ತು. ಓಣಿಯ ಮಕ್ಕಳಲ್ಲಿ ಒಬ್ಬಳು ಗೋಡೆಗೆ ಬೆರಳಿಟ್ಟು 'ಇಲ್ಲಿ ಮಸಿ ಹತ್ತಿದೆ' ಅಂದಳು. ಕನ್ನಡಿ ಅಲ್ಲಾಡಿಸಿದೆ. ಸೂರ್ಯನ ಜೊತೆ ಮಸಿಯೂ ಅಲ್ಲಾಡಿತು. ಎಲ್ಲರೂ ಸುಮ್ಮನಾದರು. ಆ ಬೆಳಗನ್ನು ನಾನು ಮರೆಯಲಾರೆ.

ನೀವೂ ಮಾಡಿ. ಚಿಕ್ಕ ಕಲೆ ಇದರಲ್ಲಿ ಕಾಣುವುದಿಲ್ಲ, ದೊಡ್ಡ ಗುಂಪು ಬಂದಾಗಲೇ ಕಾಣುವುದು. ಕನ್ನಡಿಯೊಳಗೆ ಮಾತ್ರ ಯಾರೂ ಇಣುಕಬಾರದು, ಗೋಡೆಯನ್ನಷ್ಟೇ ನೋಡಬೇಕು. ಎಕ್ಸ್‌ರೇ ಫಿಲಂ, ಹೊಗೆ ಹಿಡಿಸಿದ ಗಾಜು ಖಂಡಿತ ಬೇಡ.

ಪ್ರಶ್ನೆ: ನಮ್ಮ ತಂದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಕಾಂತ ಬಿರುಗಾಳಿ ಸುದ್ದಿ ಬಂದಾಗ ಹೊರಗೆ ಬಿಡಬಾರದಾ?
– ಓದುಗರು, ಮಳವಳ್ಳಿ

ಉತ್ತರ: ಧಾರಾಳವಾಗಿ ಬಿಡಿ. ಬಿರುಗಾಳಿಯಲ್ಲಿ ಆಗುವ ಬದಲಾವಣೆ ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ಬಲದ ಸಾವಿರದಲ್ಲೊಂದು ಪಾಲೂ ಅಲ್ಲ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರ್ ಹೇಳಿರುತ್ತಾರಲ್ವಾ, ಅದನ್ನು ಪಾಲಿಸಿ.

ಪ್ರಶ್ನೆ: ನಾನು ಖಾಸಗಿ ಸರ್ವೆ ಕೆಲಸ ಮಾಡುತ್ತೇನೆ. ಸಂಜೆ ಏಳರ ಮೇಲೆ ನಾಲೆ ಏರಿಯ ಮೇಲೆ ಉಳಿದ ಪಾಯಿಂಟ್ ಮುಗಿಸೋಣ ಅಂದರೆ ಕೆಲವು ದಿನ ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳೆಯುವ ಉಪಕರಣ) ಫಿಕ್ಸ್ ಆಗುವುದೇ ಇಲ್ಲ, ಅಂದರೆ ಖಚಿತ ಅಂಕಿ ಕೊಡುವುದಿಲ್ಲ, ಅಂದಾಜಿನ ಫ್ಲೋಟ್‌ನಲ್ಲೇ ಒದ್ದಾಡುತ್ತದೆ. ಬೆಳಿಗ್ಗೆ ಅದೇ ಜಾಗದಲ್ಲಿ ತಕ್ಷಣ ಫಿಕ್ಸ್. ಸೂರ್ಯನ ಬಿರುಗಾಳಿ ಕಾರಣವೇ?
– ಓದುಗರು, ಮದ್ದೂರು

ಉತ್ತರ: ಬಿರುಗಾಳಿ ಇಲ್ಲದ ದಿನವೂ ಇದು ಆಗಬಹುದು. ಹಗಲಿಡೀ ಬಿಸಿಲು ಮೇಲಿನ ಗಾಳಿಯಲ್ಲಿ ವಿದ್ಯುತ್ ಕಣಗಳನ್ನು ಹುಟ್ಟಿಸುತ್ತದೆ. ಕಾಂತ ಸಮಭಾಜಕದ ಮೇಲೆ ಅವು ಮೇಲಕ್ಕೆದ್ದು, ಬೃಂದಾವನದ ಕಾರಂಜಿಯ ಹಾಗೆ ಎರಡೂ ಬದಿಗೆ ಬೀಳುತ್ತವೆ. ವಿಜ್ಞಾನಿಗಳು ಇದನ್ನು ಕಾರಂಜಿ ಅಂತಲೇ ಕರೆಯುತ್ತಾರೆ. ನಾವು ಇರುವುದು ಅದರ ಕೆಳಗೇ. ಸೂರ್ಯ ಮುಳುಗಿದ ಮೇಲೆ ಆ ಪದರದಲ್ಲಿ ಕಣ ಕಡಿಮೆಯಿರುವ ಗುಳ್ಳೆಗಳು ಏಳುತ್ತವೆ. ಉಪಗ್ರಹದ ಸಿಗ್ನಲ್ ಅವನ್ನು ಹಾಯುವಾಗ ನಕ್ಷತ್ರದಂತೆ ಮಿನುಗುತ್ತದೆ, ರಿಸೀವರ್‌ಗೆ ಹಿಡಿತ ತಪ್ಪುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಸಂಜೆಗಳಲ್ಲಿ ಇದು ಜಾಸ್ತಿ. ಬಿರುಗಾಳಿ ಬಂದರೆ ಕೆಲವೊಮ್ಮೆ ಹೆಚ್ಚುತ್ತದೆ, ಕೆಲವೊಮ್ಮೆ ಗುಳ್ಳೆ ಏಳುವುದೇ ನಿಲ್ಲುತ್ತದೆ. ಮರದ ನೆರಳು, ಬೇಸ್ ಸ್ಟೇಷನ್‌ನ ದೂರ, ಸಿಮ್ ಸಿಗ್ನಲ್ ಕೂಡ ಕಾರಣ ಇರಬಹುದು, ಅದನ್ನು ಮೊದಲು ನೋಡಿಕೊಳ್ಳಿ.

ಫ್ಲೋಟ್‌ನಲ್ಲಿ ಸಿಕ್ಕ ಅಂಕಿ ಹಿಡಿದು ಯಾರ ಜಮೀನಿನ ಬಾಂದುಕಲ್ಲನ್ನೂ ನಡೆಸಬೇಡಿ. ಅರ್ಧ ಅಡಿಗೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾನು ನೋಡಿದ್ದೇನೆ. ಗಡಿಯ ಪಾಯಿಂಟ್‌ಗಳನ್ನು ಬೆಳಿಗ್ಗೆಯೇ ಮುಗಿಸಿ, ಗೊತ್ತಿರುವ ಒಂದು ಕಲ್ಲಿನ ಮೇಲೆ ರೋವರ್ ಇಟ್ಟು ತಾಳೆ ನೋಡಿ. ಫಿಕ್ಸ್ ತಪ್ಪಿದ ಸಂಜೆಗಳ ತಾರೀಕು, ಗಂಟೆ ಒಂದು ತಿಂಗಳು ಬರೆದಿಟ್ಟು ನನಗೆ ಕಳಿಸಿ. ಬಿರುಗಾಳಿಯ ದಿನಗಳ ಪಟ್ಟಿ ನನ್ನ ಹತ್ತಿರ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.